ಪಿಕಪ್ ಚಕ್ರದ ಬೇರಿಂಗ್: ಕೂಗುವ ಮೊದಲೇ ಬಿಚ್ಚಿ ನೋಡಿ

ಮಂಡ್ಯ ಸೀಮೆಯ ಹಳೆಯ ಪಿಕಪ್‌ಗಳಿಗೆ ಬಿಡುವೆಂಬುದಿಲ್ಲ. ನಸುಕಿಗೆ ಬಂಡಿಪಾಳ್ಯದ ಮಾರುಕಟ್ಟೆಗೆ ಟೊಮೆಟೊ, ಮಧ್ಯಾಹ್ನ ಗದ್ದೆಗೆ ಗೊಬ್ಬರ, ಸಂಜೆ ನಾಲೆ ಏರಿಯ ಕೆಸರು. ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯದ ಮಾಲೀಕರೂ ಮುಂದಿನ ಚಕ್ರ ಸಲೀಸಾಗಿ ಉರುಳಲು ಒಳಗಿರುವ ಬೇರಿಂಗ್ ಕೂಗಿಕೊಳ್ಳುವವರೆಗೆ ಅತ್ತ ತಿರುಗಿ ನೋಡುವುದಿಲ್ಲ.

ಮೊದಲ ಪರೀಕ್ಷೆ ಕಿವಿಯಿಂದ. ನುಣುಪಾದ ರಸ್ತೆಯಲ್ಲಿ ಕಿಟಕಿ ಇಳಿಸಿ ಓಡಿಸಿ. ವೇಗದ ಜೊತೆ ಏರುವ ಗುಂಯ್ ಸದ್ದು ಎಡಕ್ಕೆ ತಿರುಗುವಾಗ ಹೆಚ್ಚಿದರೆ, ಭಾರ ಬಿದ್ದ ಬಲಗಡೆಯ ಬೇರಿಂಗನ್ನು ಶಂಕಿಸಿ.

ಇನ್ನು ಕೈ ಪರೀಕ್ಷೆ. ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಕೆಳಗೆ ಕೈ ಹಾಕಬೇಡಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿ. ಕಟಕಟ ಅಂದರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಆಗ ಅಲುಗಾಟ ನಿಂತರೆ ದೋಷ ಬೇರಿಂಗ್‌ನದು, ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ಹೊರಳುವ ಕೀಲಿನ ಕಡೆ, ಅಂದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ಕಡೆ ನೋಡಿ.

ಮುಂದಿನ ಮಾತು ಹಿಂದಿನ ಚಕ್ರ ಎಳೆಯುವ, ಮುಂದಿನ ಚಕ್ರಗಳಲ್ಲಿ ಎರಡೆರಡು ಟೇಪರ್ ರೋಲರ್ ಬೇರಿಂಗ್ (ಒಂದು ತುದಿ ಸಪೂರವಾದ ರೋಲರ್‌ಗಳದ್ದು) ಇರುವ ಗಾಡಿಗಳಿಗೆ. ಬೇರಿಂಗ್ ಒಳಗೇ ಸೀಲ್ ಆಗಿ ಬರುವ ಹೊಸ ಮಾದರಿಯ ಹಬ್‌ಗಳನ್ನು, ಅಂದರೆ ಚಕ್ರ ಕೂರುವ ನಡುಭಾಗವನ್ನು, ಇಡಿಯಾಗಿ ಬದಲಿಸಬೇಕು.

ಚಕ್ರ ಕಳಚಿ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕನ್ನು ಅದುಮುವ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿ. ಬ್ರೇಕ್ ಎಣ್ಣೆಯ ಹೋಸ್‌ನ ಮೇಲೆ ಭಾರ ಬೀಳಬಾರದು. ಬ್ರೇಕ್ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದರೆ ಹೊರ ಬೇರಿಂಗ್ ಕೈಗೆ ಬರುತ್ತದೆ. ಹಬ್ ಎಳೆದು ಗ್ರೀಸ್ ತಡೆಯುವ ಸೀಲ್ ಕಿತ್ತರೆ ಒಳಗಿನದೂ ಸಿಗುತ್ತದೆ.

ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಗ್ಯಾರೇಜಿನ ಹುಡುಗರು ಗಾಳಿ ಬಿಟ್ಟು ಬೇರಿಂಗನ್ನು ರೊಯ್ಯನೆ ತಿರುಗಿಸಿ ಆಡುವುದುಂಟು. ಎಣ್ಣೆಯಿಲ್ಲದ ರೋಲರ್‌ಗೂ ಎದುರಿಗಿದ್ದವರ ಕಣ್ಣಿಗೂ ಅದು ಕೆಡುಕು. ಬೆಳಕಿಗೆ ಹಿಡಿದು ರೋಲರ್‌ಗಳನ್ನು ಒಂದೊಂದಾಗಿ ಹೊರಳಿಸಿ ನೋಡಿ. ಚುಕ್ಕಿ ಚುಕ್ಕಿ ಗುಳಿ ಸವೆತದ ಗುರುತು, ನೀಲಿ ಬಣ್ಣ ಅತಿಯಾಗಿ ಬಿಸಿಯಾದದ್ದರ ಗುರುತು, ಕಂದು ಕಲೆ ನೀರು ಹೊಕ್ಕದ್ದರ ಗುರುತು. ಹಬ್‌ನೊಳಗೆ ಕೂತಿರುವ ಕಪ್‌ಗೂ (ರೋಲರ್‌ಗಳು ಉರುಳುವ ಬಳೆ) ಬೆರಳಾಡಿಸಿ, ಉಗುರಿಗೆ ತಗುಲುವ ಗೀರಿದ್ದರೆ ಅದೂ ಹೋಯಿತೆಂದೇ ಲೆಕ್ಕ. ಹಳೆಯ ಕಪ್‌ನಲ್ಲಿ ಹೊಸ ಬೇರಿಂಗ್ ಕೂರಿಸಿ ದುಡ್ಡು ಉಳಿಸುವವರಿದ್ದಾರೆ. ಆ ಉಳಿತಾಯ ಬಹಳ ದಿನ ನಿಲ್ಲುವುದಿಲ್ಲ. ಜೋಡಿಯಾಗಿಯೇ ಬದಲಿಸಿ.

ಗ್ರೀಸ್ ಬೇರಿಂಗ್‌ಗೆಂದೇ ಮಾಡಿದ್ದಿರಲಿ. ಹಳೆಯದರ ಮೇಲೆ ಬೇರೆ ಜಾತಿಯದನ್ನು ಬೆರೆಸಬೇಡಿ. ಅಂಗೈಯಲ್ಲಿ ಉಂಡೆಯಷ್ಟು ಇಟ್ಟುಕೊಂಡು ಬೇರಿಂಗ್‌ನ ದಪ್ಪ ತುದಿಯನ್ನು ಅದಕ್ಕೆ ಒತ್ತುತ್ತಾ ಬನ್ನಿ. ರೋಲರ್‌ಗಳ ಸಂದಿಯಿಂದ ಇನ್ನೊಂದು ಬದಿಗೆ ಗ್ರೀಸ್ ಹೊಮ್ಮಬೇಕು. ಮೇಲೆ ಸವರಿದರೆ ಸಾಲದು. ಹಬ್‌ನ ಹೊಟ್ಟೆ ಪೂರ್ತಿ ತುಂಬುವುದೂ ಬೇಡ: ಬಿಸಿಯಾದಾಗ ಹೆಚ್ಚಾದದ್ದು ಸೀಲ್ ದಾಟಿ ಬ್ರೇಕ್ ಮೇಲೆ ಇಳಿಯುತ್ತದೆ. ಸೀಲ್ ಹೊಸದನ್ನೇ ಹಾಕಿ.

ಎಷ್ಟೋ ಬೇರಿಂಗ್‌ಗಳು ಕೆಡುವುದು ಕೊನೆಯ ನಟ್ ಬಿಗಿಯುವಲ್ಲಿ. ಬಿಗಿದಷ್ಟೂ ಭದ್ರ ಎಂಬ ನಂಬಿಕೆ ಇಲ್ಲಿ ನಡೆಯದು. ಹಬ್ ತಿರುಗಿಸುತ್ತಲೇ ನಟ್ ಬಿಗಿದು ಬೇರಿಂಗ್ ಕೂರಿಸಿ, ಪೂರ್ತಿ ಸಡಿಲಿಸಿ, ಮತ್ತೆ ಬೆರಳಲ್ಲೇ ಎಷ್ಟು ಬರುತ್ತದೋ ಅಷ್ಟು ತಿರುಗಿಸಿ. ಪಿನ್ನಿನ ತೂತು ಕೂಡದಿದ್ದರೆ ಸ್ವಲ್ಪ ಹಿಂದಕ್ಕೆ ತನ್ನಿ, ಮುಂದಕ್ಕಲ್ಲ. ಹೊಸ ಸ್ಪ್ಲಿಟ್ ಪಿನ್ ಹಾಕಿ. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಹತ್ತಿಪ್ಪತ್ತು ಕಿಲೋಮೀಟರ್, ಬ್ರೇಕ್ ಹೆಚ್ಚು ತುಳಿಯದೆ ಓಡಿಸಿ ಎರಡೂ ಹಬ್‌ಗಳ ಬಳಿ ಕೈ ಒಯ್ದು ಹೋಲಿಸಿ. ಬೆಚ್ಚಗಿದ್ದರೆ ಸರಿ. ಒಂದೇ ಕಡೆ ಕೈ ಇಡಲಾಗದಷ್ಟು ಕಾದಿದ್ದರೆ ಆರಿದ ಮೇಲೆ ಆ ನಟ್ಟನ್ನು ಮತ್ತೆ ಹೊಂದಿಸಿ. ಚಕ್ರದ ನಟ್‌ಗಳನ್ನೂ ಆಗಲೇ ಇನ್ನೊಮ್ಮೆ ಬಿಗಿಯಿರಿ.