ಎಣಿಸುವ ಕೆಲಸ ಅವರಿಗೇ ಕೊಟ್ಟೆ, ವಾದ ಗೆದ್ದೆ: ನನ್ನ ಅನುಭವ

ಸಿನಿಮಾದಲ್ಲಿ ಹೆಣ್ಣು-ಗಂಡು, ಮೈಬಣ್ಣ, ರಾಜಕೀಯ ಅಂತ ವಾದಕ್ಕೆ ಇಳಿದವರಿಗೆಲ್ಲ ಗೊತ್ತು, ಕೊನೆಗೆ ಯಾರೂ ಒಪ್ಪುವುದಿಲ್ಲ. ಹೆಂಗಸರಿಗೆ, ಕಪ್ಪು ಜನರಿಗೆ ಸಿನಿಮಾದಲ್ಲಿ ಸಿಗುವ ಜಾಗ ಕಡಿಮೆ ಅನ್ನುವುದು ನನ್ನ ವಾದ. ಅದಕ್ಕೆ ಈಗ ಹತ್ತರಲ್ಲಿ ನಾಲ್ಕೈದು ಜನ "ಹೌದಲ್ವಾ, ಗಮನಿಸೇ ಇರಲಿಲ್ಲ" ಅನ್ನುತ್ತಾರೆ. ಇದೆಲ್ಲ ಆಗದ ಕೆಲಸ ಅಂತ ಗೆಳೆಯರು ಅಂದಿದ್ದರು. ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ. ಬೆಕ್‌ಡೆಲ್ ಪರೀಕ್ಷೆ ಅಂತ ಒಂದಿದೆ: ಸಿನಿಮಾದಲ್ಲಿ ಇಬ್ಬರು ಹೆಂಗಸರಾದರೂ ಗಂಡಸಿನ ವಿಷಯ ಬಿಟ್ಟು ಬೇರೆ ಏನಾದರೂ ತಮ್ಮತಮ್ಮಲ್ಲಿ ಮಾತಾಡಬೇಕು. 1985ರ ಕಾಮಿಕ್ಸ್‌ನಿಂದ ಬಂದಿದ್ದು, ಚೆನ್ನಾಗಿದೆ, ಆದರೆ ಜಗಳದಲ್ಲಿ ನಿಲ್ಲುವುದಿಲ್ಲ. 2013ರ 'ಗ್ರಾವಿಟಿ'ಯಲ್ಲಿ ಬಹುಪಾಲು ಹೊತ್ತು ತೆರೆ ಮೇಲೆ ಒಬ್ಬಳೇ ಹೆಂಗಸು, ಆದರೂ ಅದು ಪರೀಕ್ಷೆಯಲ್ಲಿ ಫೇಲು. ಎದುರಿನವರು ಇದೊಂದನ್ನು ಎತ್ತಿದರೆ ಸಾಕು, ಮಾತೆಲ್ಲ ಪರೀಕ್ಷೆ ಸರಿಯೋ ತಪ್ಪೋ ಅನ್ನುವ ಕಡೆ ಹೋಗುತ್ತದೆ. ನಾಯಕಿಯೇ ಮುಖ್ಯವಾದ ಸಿನಿಮಾ ಓಡುತ್ತದೋ ಇಲ್ಲವೋ ಅನ್ನುವ ದುಡ್ಡಿನ ಲೆಕ್ಕ ಇನ್ನೂ ಕೆಟ್ಟದ್ದು. 2019ರಲ್ಲಿ 'ಕ್ಯಾಪ್ಟನ್ ಮಾರ್ವೆಲ್' ಸುಮಾರು 113 ಕೋಟಿ ಡಾಲರ್ ಗಳಿಸಿತು. ಅದೇ ನಾಯಕಿಯ 2023ರ ಸಿನಿಮಾ 20 ಕೋಟಿ ಡಾಲರ್ ದಾಟಿ ಅಲ್ಲೇ ನಿಂತಿತು. ಎರಡೂ ಕಡೆಯವರು ಒಂದೊಂದನ್ನು ಹಿಡಿದುಕೊಂಡು ರಾತ್ರಿಯೆಲ್ಲ ಕೂಗಾಡಬಹುದು, ಒಬ್ಬರೂ ಒಂದಿಂಚು ಸರಿಯುವುದಿಲ್ಲ.

ಈಗ ನಾನು ಅಂಕಿಯನ್ನೇ ಹೇಳುವುದಿಲ್ಲ. ಅವರಿಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು ಅಂತ ಕೇಳುತ್ತೇನೆ. ಅದರ ಸಬ್‌ಟೈಟಲ್ ಫೈಲನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಮೊದಲ ಅರ್ಧ ಗಂಟೆಯಲ್ಲಿ ಯಾವ ಸಾಲು ಯಾರದ್ದು ಅಂತ ಅವರ ಕೈಯಲ್ಲೇ ಗುರುತು ಹಾಕಿಸುತ್ತೇನೆ. ಪ್ರತಿ ಸಾಲಿನ ಸಮಯ ಫೈಲಿನಲ್ಲೇ ಇರುತ್ತದೆ, ಕೂಡಿದರೆ ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಗೊತ್ತಾಗುತ್ತದೆ. ಪೂರ್ತಿ ಸಿನಿಮಾ ಕೊಡಬೇಡಿ, ಯಾರೂ ಮುಗಿಸುವುದಿಲ್ಲ. ಶುರುವಿಗೆ ಮುಂಚೆ ಅವರ ಊಹೆಯನ್ನು ಬರೆಸಿಕೊಳ್ಳಿ, ಅದು ಇಲ್ಲದಿದ್ದರೆ ಎಲ್ಲ ವ್ಯರ್ಥ. ಸಹೋದ್ಯೋಗಿಯೊಬ್ಬರು "ನಾಯಕಿ ಅರ್ಧ ಹೊತ್ತು ಮಾತಾಡುತ್ತಾಳೆ" ಅಂತ ಬರೆದುಕೊಟ್ಟಿದ್ದರು. ಕೂಡಿದಾಗ ಐದರಲ್ಲಿ ಒಂದು ಪಾಲೂ ಬರಲಿಲ್ಲ. ಸುಮ್ಮನೆ ಮತ್ತೆ ಮೇಲಿನಿಂದ ಕೂಡಿದರು, ಅಷ್ಟೇ ಬಂತು. ನಾನು ಬಾಯಿ ತೆರೆಯಬೇಕಾಗಲಿಲ್ಲ.

ಊಹೆ ಬರೆಸಿಕೊಳ್ಳಲು ನಾನು ಕೇಳುವ ಪ್ರಶ್ನೆ ಯಾವುದು ಅಂತ ಇಲ್ಲಿ ಹೇಳುವುದಿಲ್ಲ, ಗೊತ್ತಾದರೆ ಜನ ಹುಷಾರಾಗುತ್ತಾರೆ. ಯಾರ ದನಿ ಅಂತ ತಾನೇ ಗುರುತಿಸುವ ಸಾಫ್ಟ್‌ವೇರಿಗೆ ಮಾತ್ರ ದುಡ್ಡು ಹಾಕಬೇಡಿ. ಒಂದು ವರ್ಷದ ಚಂದಾ ಕಟ್ಟಿ ನೋಡಿದ್ದೇನೆ. ಹಿನ್ನೆಲೆ ಸಂಗೀತ ಜೋರಾದರೆ ಅದಕ್ಕೆ ನಾಯಕನೂ ಖಳನಾಯಕನೂ ಒಂದೇ.

ಬಣ್ಣದ ವಿಷಯಕ್ಕೆ ಈ ಲೆಕ್ಕ ಸಾಲದು. ಮುಖ ನೋಡಿ ಜನಾಂಗ ಬರೆಯಲು ಕೂತರೆ ಅದರ ಮೇಲೇ ಹೊಸ ಜಗಳ ಹುಟ್ಟುತ್ತದೆ. ಅದಕ್ಕೆ ಕೊನೆಯ ಹೆಸರುಪಟ್ಟಿ ಹಿಡಿದೆ. ಯಾವ ಪಾತ್ರಕ್ಕೆ ಹೆಸರಿದೆ, ಯಾವುದು ಬರೀ 'ಗಾರ್ಡ್ 2', 'ನರ್ಸ್ 1'? ಹೆಸರಿಲ್ಲದವರನ್ನು ಮಾತ್ರ ತೆರೆ ಮೇಲೆ ಮತ್ತೆ ಹುಡುಕಿ ಅನ್ನುತ್ತೇನೆ. ಹುಡುಕುತ್ತಾ ಹೋದ ಹಾಗೆ, ಅಂಥ ಪಾತ್ರಗಳಲ್ಲಿ ಯಾವ ಬಣ್ಣದವರಿದ್ದಾರೆ ಅಂತ ಹುಡುಕುವವರೇ ಮಾತಾಡಲು ಶುರು ಮಾಡುತ್ತಾರೆ. "ಕಪ್ಪು ಕಲಾವಿದರಿಗೂ ಪ್ರಶಸ್ತಿ ಕೊಡ್ತಾರಲ್ಲ, ಇನ್ನೇನು?" ಅಂದವರಿಗೆ ಯಾವ ಪಾತ್ರಕ್ಕೆ ಅಂತ ಕೇಳಿ. 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್. ಪಾತ್ರ ಮನೆಗೆಲಸದವಳದ್ದು, ಸಮಾರಂಭದಲ್ಲೂ ಅವರಿಗೆ ಹಾಕಿದ್ದು ಬೇರೆ ಟೇಬಲ್.

"ಮೊದಲೆಲ್ಲ ಸಿನಿಮಾದಲ್ಲಿ ರಾಜಕೀಯ ಇರಲಿಲ್ಲ" ಅನ್ನುವವರ ಜೊತೆ ಎಣಿಕೆ ನಡೆಯುವುದಿಲ್ಲ. ಅಲ್ಲಿ ಹೇಸ್ ಕೋಡ್ ತೆಗೆಯುತ್ತೇನೆ. ಹಾಲಿವುಡ್ 1934ರಿಂದ ಬಿಗಿಯಾಗಿ ಪಾಲಿಸಿದ ಆ ನಿಯಮಗಳಲ್ಲಿ ಬಿಳಿಯರು ಮತ್ತು ಕಪ್ಪು ಜನರ ನಡುವಿನ ಲೈಂಗಿಕ ಸಂಬಂಧ ತೋರಿಸಬಾರದು ಅಂತ ಬರೆದೇ ಇತ್ತು. ಇದು ರಾಜಕೀಯ ಅಲ್ಲದೆ ಇನ್ನೇನು? ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ಟಿವಿ ಚರ್ಚೆಗಳ ಮೇಲೆ ಕೈಹಾಕಿದ್ದೇನೆ, ಯಾರ ಮಾತನ್ನು ಯಾರು ಎಷ್ಟು ಸಲ ಕತ್ತರಿಸುತ್ತಾರೆ ಅಂತ. ಇಬ್ಬರು ಒಟ್ಟಿಗೆ ಬಾಯಿ ತೆರೆದಾಗ ಅಡ್ಡ ಬಂದವರು ಯಾರು ಅಂತ ಬರೆಯುವುದೇ ಕಷ್ಟವಾಗಿದೆ. ಸದ್ಯಕ್ಕೆ ಮಾತು ಮುಗಿಸಲಾಗದೆ ನಿಲ್ಲಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ನಿಯಮ ಯಾರ ಹತ್ತಿರವಾದರೂ ಇದ್ದರೆ ಹೇಳಿ.