ನಿದ್ರೆ ಮಾತ್ರೆ ಬಿಟ್ಟದ್ದು: ಅವಸರ ಮಾಡದೆ ಇಳಿದ ನನ್ನ ಅನುಭವ

ನಿದ್ರೆ ಮಾತ್ರೆ ಬಿಡಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೀರಿ? ಕೆಲವು ವಾರ ದಾಟಿ ದಿನಾ ರಾತ್ರಿ ನುಂಗುತ್ತಿದ್ದರೆ, ದಯವಿಟ್ಟು ಇವತ್ತೇ ನಿಲ್ಲಿಸಿಬಿಡಬೇಡಿ. ಆಲ್ಪ್ರಜೋಲಮ್, ಕ್ಲೋನಜೆಪಾಮ್, ಲೊರಜೆಪಾಮ್ ತರಹದ, ಬೆಂಜೊಡಯಜೆಪೀನ್ ಅನ್ನುವ ಗುಂಪಿನ ಮಾತ್ರೆಗಳನ್ನು ದಿಢೀರ್ ಅಂತ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಜೀವಕ್ಕೂ ಅಪಾಯ. ಜೋಲ್ಪಿಡೆಮ್ ಬೇರೆ ಜಾತಿಯದಾದರೂ ಮಿದುಳಿನಲ್ಲಿ ಕೆಲಸ ಮಾಡುವ ಜಾಗ ಹೆಚ್ಚುಕಡಿಮೆ ಅದೇ. ಅದನ್ನೂ ತುಂಬಾ ಕಾಲ ತೆಗೆದುಕೊಂಡವರು ಒಮ್ಮೆಲೇ ಬಿಡಬಾರದು.

ನಾನು ತೆಗೆದುಕೊಳ್ಳುತ್ತಿದ್ದದ್ದು ಆಲ್ಪ್ರಜೋಲಮ್ 0.5 ಮಿಲಿಗ್ರಾಂ, ಮಲಗುವ ಮುಂಚೆ. ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಚೂರೂ ಜಾಸ್ತಿ ತೆಗೆದುಕೊಂಡವಳಲ್ಲ. ಹಾಗಿದ್ದೂ ಮೈ ಅದಕ್ಕೆ ಒಗ್ಗಿಹೋಗಿತ್ತು. ಮೊದಮೊದಲು ಬೆಳಗಿನವರೆಗೆ ನಿದ್ದೆ ಕೊಡುತ್ತಿದ್ದ ಮಾತ್ರೆ, ಆಮೇಲೆ ನಡುರಾತ್ರಿ ಕಳೆಯುತ್ತಲೇ ಕೈಬಿಡುತ್ತಿತ್ತು. ಬೆಳಗಿನ ಜಾವ ಎದೆ ಡವಡವ ಎನ್ನುತ್ತಾ ಎಚ್ಚರ. ಹಗಲಿನಲ್ಲಿ ಮರೆವು. ಇದನ್ನು ಚಟ ಅಂದುಕೊಂಡು ನಾಚಿಕೆಪಡುವವರು ತುಂಬಾ ಜನ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಬೆಂಜೊಡಯಜೆಪೀನ್ ಗುಂಪಿನ ಎಲ್ಲ ಮಾತ್ರೆಗಳ ಮೇಲಿನ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಡಾಕ್ಟರ್ ಹೇಳಿದಷ್ಟೇ ತೆಗೆದುಕೊಂಡರೂ ಮೈ ಅವಲಂಬಿಸಬಹುದು ಅನ್ನುವುದನ್ನೂ ಅದರಲ್ಲಿ ಸೇರಿಸಿತು.

ಒಳಗೆ ಆಗುವುದು ಇಷ್ಟು. ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ಬ್ರೇಕ್ ಇದ್ದ ಹಾಗೆ. ಮಾತ್ರೆ ಆ ಬ್ರೇಕನ್ನು ಜೋರಾಗಿ ಒತ್ತುತ್ತದೆ. ದಿನಾ ಒತ್ತಿದರೆ ಮಿದುಳು ತನ್ನದೇ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ. ಆಗ ಮಾತ್ರೆ ತಪ್ಪಿದರೆ ನಿದ್ದೆ ಇಲ್ಲ, ಗಾಬರಿ, ನಡುಕ, ಬೆವರು, ಸಣ್ಣ ಸದ್ದೂ ಕಿವಿಗೆ ಚುಚ್ಚುವುದು. ಈ ನಿದ್ದೆಗೇಡು ನನ್ನ ಹಳೇ ಕಾಯಿಲೆ ಅಲ್ಲ, ಮಾತ್ರೆ ಕಡಿಮೆಯಾದದ್ದರ ಪರಿಣಾಮ. ನನಗೆ ದಾರಿ ಕಂಡದ್ದೇ ಇದು ಅರ್ಥವಾದ ಮೇಲೆ. ಎರಡು ರಾತ್ರಿ ಮಾತ್ರೆ ಬಿಟ್ಟು ನಿದ್ದೆ ಬಾರದಿದ್ದಾಗ, "ನೋಡಿ, ನನಗೆ ಮಾತ್ರೆ ಬೇಕೇ ಬೇಕು" ಅಂತ ತುಂಬಾ ಜನ ತೀರ್ಮಾನ ಮಾಡಿಬಿಡುತ್ತಾರೆ. ಆ ಎರಡು ರಾತ್ರಿಗಳಿಂದ ಅದನ್ನು ಹೇಳಲು ಆಗುವುದೇ ಇಲ್ಲ.

ನನ್ನ ಡಾಕ್ಟರ್ ಮೊದಲು ಮಾಡಿದ್ದು ಮಾತ್ರೆ ಬದಲಿಸಿದ್ದು. ಆಲ್ಪ್ರಜೋಲಮ್ ಜಾಗಕ್ಕೆ ಅದೇ ಗುಂಪಿನ ಡಯಾಜೆಪಾಮ್. ಆಲ್ಪ್ರಜೋಲಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು. ಡಯಾಜೆಪಾಮ್ ಮತ್ತು ಅದು ಒಡೆದು ಆಗುವ ವಸ್ತುಗಳು ದಿನಗಟ್ಟಲೆ ಉಳಿಯುತ್ತವೆ. ಹಾಗಾಗಿ ಏರಿಳಿತ ಕಡಿಮೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಡಾ. ಹೆದರ್ ಆಷ್ಟನ್ 1982ರಿಂದ 1994ರವರೆಗೆ ಇಂಥ ಮಾತ್ರೆ ಬಿಡಿಸುವುದಕ್ಕೆಂದೇ ಕ್ಲಿನಿಕ್ ನಡೆಸಿದ್ದರು. ಈ ಕ್ರಮವನ್ನು ಜನಪ್ರಿಯ ಮಾಡಿದವರೂ ಅವರೇ. ನನ್ನ ಡಾಕ್ಟರ್ 0.5 ಮಿಲಿಗ್ರಾಂ ಆಲ್ಪ್ರಜೋಲಮ್‌ಗೆ 10 ಮಿಲಿಗ್ರಾಂ ಡಯಾಜೆಪಾಮ್ ಅಂತ ಲೆಕ್ಕ ಹಿಡಿದರು. ಯಾವ ಮಾತ್ರೆಗೆ ಯಾವುದು ಎಷ್ಟು ಸಮ ಅಂತ ಹೇಳುವ ಎಲ್ಲ ಪಟ್ಟಿಗಳೂ ಒಂದೇ ಲೆಕ್ಕ ಹೇಳುವುದಿಲ್ಲ. ಅದಕ್ಕೇ ಇದನ್ನು ಮನೆಯಲ್ಲಿ ಕೂತು ಮಾಡಬಾರದು. ಮೊದಲು ಅರ್ಧ ಬದಲಿಸಿ, ಮೈ ಹೊಂದಿಕೊಂಡ ಮೇಲೆ ಉಳಿದರ್ಧ. ಆ ದಿನಗಳಲ್ಲಿ ಮಂಪರು ಜಾಸ್ತಿ, ಗಾಡಿ ಓಡಿಸಲಿಲ್ಲ. ವಯಸ್ಸಾದವರಿಗೆ, ಲಿವರ್ ತೊಂದರೆ ಇರುವವರಿಗೆ ಡಯಾಜೆಪಾಮ್ ಸರಿಹೋಗದೆ ಇರಬಹುದು. ಅಂಥವರು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನೇ ಇಳಿಸುತ್ತಾ ಬರುತ್ತಾರೆ.

ಆಮೇಲೆ ಇಳಿಸುವ ಕೆಲಸ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಗ ತೆಗೆದುಕೊಳ್ಳುತ್ತಿರುವ ಡೋಸ್‌ನ ಶೇಕಡಾ 5ರಿಂದ 10ರಷ್ಟು. ಮೊದಲು 10 ಮಿಲಿಗ್ರಾಂನಿಂದ 9. ಆಗ ಅಷ್ಟೇನೂ ಅನಿಸಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 10ರಿಂದ 9 ಅಂದರೆ ಹತ್ತರಲ್ಲಿ ಒಂದು ಭಾಗ. 2ರಿಂದ 1ಕ್ಕೆ ಇಳಿದರೆ ಅರ್ಧಕ್ಕರ್ಧ! ಅದೇ ಒಂದು ಮಿಲಿಗ್ರಾಂ, ಮೈಗೆ ಮಾತ್ರ ಎಷ್ಟೋ ದೊಡ್ಡದು. "ಇನ್ನೇನು, ಇಷ್ಟೇ ಉಳಿದಿದೆ, ಎಸೆದುಬಿಡೋಣ" ಅನ್ನುವ ಆಸೆ ಹುಟ್ಟುವುದೂ ಅಲ್ಲೇ. ಅಲ್ಲೇ ಇನ್ನೂ ನಿಧಾನವಾಗಬೇಕು. ನಾನು ಕೊನೆಕೊನೆಗೆ ಅರ್ಧ, ಕಾಲು ಮಿಲಿಗ್ರಾಂ ಲೆಕ್ಕದಲ್ಲಿ ಇಳಿದೆ. ಮಾತ್ರೆ ಕತ್ತರಿಸುವ ಡಬ್ಬಿ ಸಿಗುತ್ತದೆ. ಕತ್ತರಿಸಲು ಆಗದಷ್ಟು ಸಣ್ಣದಾದಾಗ ಡಾಕ್ಟರ್ ಸಿರಪ್ ಬರೆದುಕೊಟ್ಟರು.

ಡಯಾಜೆಪಾಮ್ ಇಳಿಸಿದ ಮರುದಿನ ಚೆನ್ನಾಗಿಯೇ ಇರುತ್ತೀರಿ. ಕಷ್ಟ ಬರುವುದು ಕೆಲವು ದಿನ ಬಿಟ್ಟು, ಏಕೆಂದರೆ ಅದು ರಕ್ತದಿಂದ ಹೋಗುವುದೇ ಮೆಲ್ಲಗೆ. ಹಾಗಾಗಿ ಎರಡನೇ ದಿನಕ್ಕೆ "ಏನೂ ಆಗಲಿಲ್ಲ" ಅಂತ ಮತ್ತೆ ಇಳಿಸಬಾರದು. ಕಷ್ಟ ಜಾಸ್ತಿಯಾದಾಗ ನಾವು ಅದೇ ಡೋಸ್‌ನಲ್ಲಿ ನಿಂತೆವು. ವಾರ ಹೆಚ್ಚಾದರೂ ಪರವಾಗಿಲ್ಲ. ಕ್ಯಾಲೆಂಡರ್ ನೋಡಿ ಇಳಿಯಲಿಲ್ಲ, ಮೈ ಹೇಳಿದಂತೆ ಇಳಿದೆವು. ಇವತ್ತು ತಗೊಂಡು ನಾಳೆ ಬಿಡುವ ಕ್ರಮ ಮಾತ್ರ ಬೇಡವೇ ಬೇಡ. ಮಿದುಳಿಗೆ ಅದು ದಿನ ಬಿಟ್ಟು ದಿನ ಪೆಟ್ಟು ಕೊಟ್ಟಂತೆ.

ಮಾತ್ರೆ ಇಳಿಸಿದರೆ ಸಾಲದು, ನಿದ್ದೆಯನ್ನು ಮತ್ತೆ ಕಟ್ಟಬೇಕು. ಕೆನಡಾದ ಚಾರ್ಲ್ಸ್ ಮೊರಾನ್ ಮತ್ತು ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ವಯಸ್ಸಾದವರ ಮೇಲೆ ನಡೆದದ್ದು. ಮಾತ್ರೆ ಇಳಿಸುವುದರ ಜೊತೆಗೆ ನಿದ್ದೆಗಾಗಿ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆ, ಪಡೆದವರಲ್ಲಿ ಶೇಕಡಾ 85 ಜನ ಮಾತ್ರೆ ಬಿಟ್ಟಿದ್ದರು. ಬರೀ ಇಳಿಸಿದವರಲ್ಲಿ ಶೇಕಡಾ 48. ನನಗೆ ನಂಬಿಕೆ ಬಂದದ್ದು ಈ ಅಂಕಿ ನೋಡಿ.

ಸಿಬಿಟಿಯಲ್ಲಿ ನನಗೆ ತುಂಬಾ ಉಪಯೋಗವಾದದ್ದು ಎರಡು. ಒಂದು, ಏಳುವ ಹೊತ್ತು ಗಟ್ಟಿ ಮಾಡಿಕೊಂಡದ್ದು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಅದೇ ಹೊತ್ತಿಗೆ ಏಳುವುದು. ರಜೆಯಲ್ಲೂ ಅಷ್ಟೇ. ಇನ್ನೊಂದು, ಹಾಸಿಗೆಯಲ್ಲಿ ಇರುವ ಸಮಯ ಕಡಿಮೆ ಮಾಡಿದ್ದು. ನಿಜವಾಗಿ ಆರು ಗಂಟೆ ನಿದ್ದೆ ಬರುತ್ತಿದ್ದರೆ ಒಂಬತ್ತು ಗಂಟೆ ಮಲಗಿ ಹೊರಳಾಡುವುದು ಯಾಕೆ? ಆರು ಗಂಟೆ ಮಾತ್ರ ಹಾಸಿಗೆಗೆ ಕೊಡಬೇಕು. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇಕಡಾ 85ರಷ್ಟು ನಿದ್ದೆ ಬಂದರೆ ಆಗ ಕಾಲು ಗಂಟೆ ಹೆಚ್ಚಿಸಬೇಕು. ಐದು ಗಂಟೆಗಿಂತ ಕಡಿಮೆ ಮಾಡಬಾರದು. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು ಇದನ್ನು ತಾವಾಗಿ ಶುರು ಮಾಡಬಾರದು. ಮೊದಲ ವಾರಗಳು ಕಷ್ಟ, ಸುಮ್ನೆ ಸುಲಭ ಅಂತ ಹೇಳಲಾರೆ. ಆದರೆ ಮಲಗಿದ ತಕ್ಷಣ ನಿದ್ದೆ ಬರುವುದನ್ನು ನಾನು ಮತ್ತೆ ಕಂಡದ್ದು ಇದರಿಂದಲೇ. ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ. ಗಡಿಯಾರ ನೋಡುತ್ತಿರಲಿಲ್ಲ.

ಮನೆಯವರಿಗೆ ಮೊದಲೇ ಎಲ್ಲ ಹೇಳಿದ್ದೆ. ನಾನು ಸಿಡುಕಿದರೆ ಅದು ಮಾತ್ರೆ ಇಳಿಯುತ್ತಿರುವುದರಿಂದ ಅಂತ ಅವರಿಗೆ ಗೊತ್ತಿತ್ತು. "ಇನ್ನೂ ಮುಗಿದಿಲ್ವಾ?" ಅಂತ ಯಾರೂ ಕೇಳಲಿಲ್ಲ. ಅದು ದೊಡ್ಡ ಉಪಕಾರ. ಫಿಟ್ಸ್, ಇಲ್ಲದ್ದು ಕಾಣಿಸುವುದು, ತಲೆ ಗೊಂದಲ, ಸಾಯಬೇಕು ಅನಿಸುವುದು, ಇವುಗಳಲ್ಲಿ ಯಾವುದೇ ಬಂದರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಬರೆದು ಕೊಟ್ಟಿದ್ದೆ. ಹಿಂದೆ ಫಿಟ್ಸ್ ಬಂದಿದ್ದವರು, ದೊಡ್ಡ ಡೋಸ್ ಮೇಲಿರುವವರು, ಕುಡಿಯುವವರು, ಬಲವಾದ ನೋವಿನ ಮಾತ್ರೆಗಳಾದ ಓಪಿಯಾಯ್ಡ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಇವರಿಗೆ ಇನ್ನೂ ಹತ್ತಿರದ ನಿಗಾ ಬೇಕು. ಕೆಲವರು ಆಸ್ಪತ್ರೆಯಲ್ಲಿ ಇದ್ದೇ ಇಳಿಸಬೇಕಾಗುತ್ತದೆ. ಮಾತ್ರೆಯ ಜಾಗಕ್ಕೆ ಮದ್ಯ ತರುವುದಂತೂ ಬೇಡ, ಅದೂ ಅದೇ ಗಾಬಾ ಮೇಲೆ ಕೆಲಸ ಮಾಡುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆಯ ಹೆಸರು, ಮಿಲಿಗ್ರಾಂ, ಎಷ್ಟು ಕಾಲದಿಂದ, ಬೇರೆ ಯಾವ ಔಷಧಿ, ಮತ್ತು ಎರಡು ವಾರದ ನಿದ್ದೆಯ ಲೆಕ್ಕ ಬರೆದುಕೊಂಡು ಹೋಗಿ. "ನಿಧಾನವಾಗಿ ಇಳಿಸಿಕೊಡಿ, ಕಷ್ಟವಾದರೆ ಅಲ್ಲೇ ನಿಲ್ಲೋಣ" ಅಂತ ಕೇಳಿ. ಒಂದೆರಡು ವಾರದಲ್ಲಿ ಪೂರ್ತಿ ಬಿಡಿಸುತ್ತೇವೆ ಅಂದರೆ, ಮನೋವೈದ್ಯರೊಬ್ಬರ ಅಭಿಪ್ರಾಯವನ್ನೂ ಕೇಳಿ. ಅಲ್ಲಿಯವರೆಗೆ ಈಗಿನ ಡೋಸ್ ತಪ್ಪಿಸಬೇಡಿ.