ಸಾಹುಕಾರರು ಸಿಡುಕಿದಾಗ ಏನು ಮಾಡಬೇಕು?

ಜನವರಿ ತಿಂಗಳು. ಕಲಬುರಗಿ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ತೊಗರಿ ಆವಕ ಜೋರಾಗಿತ್ತು. ನಾನಾಗ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಎರಡು ಚೀಟಿಯ ತೂಕ ತಾಳೆಯಾಗಲಿಲ್ಲ. ಒಂದರಲ್ಲಿ ಖಾಲಿ ಚೀಲದ ತೂಕ ಕಳೆದಿದ್ದೆ, ಇನ್ನೊಂದರಲ್ಲಿ ಮರೆತಿದ್ದೆ. ಸಾಹುಕಾರರು ರೈತರ ಮುಂದೆಯೇ, "ಕಣ್ಣ ಮುಚ್ಚಿ ಬರಿಲಾಕತ್ತಿಯೇನ್ಲೇ?" ಅಂದರು. ನಾನೂ ಬಿಡಲಿಲ್ಲ. "ನೀವೇ ಬರೀರಿ" ಅಂತ ಪೆನ್ನು ಬಿಸಾಕಿದೆ. ಸಂಜೆವರೆಗೆ ಇಬ್ಬರಿಗೂ ಮಾತಿಲ್ಲ. ತಪ್ಪು ಮಾತ್ರ ಚೀಟಿಯಲ್ಲಿ ಹಾಗೇ ಇತ್ತು.

ಅವತ್ತು ನಾನು ಮಾಡಬೇಕಾಗಿದ್ದ ಮೊದಲ ಕೆಲಸ, ಅವರ ಮಾತು ಮುಗಿಯುವ ತನಕ ಸುಮ್ನಿರುವುದು. ಆ ಹೊತ್ತಿಗೆ ಉಸಿರು ನಿಧಾನವಾಗಿ ಬಿಡಿ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಜಾಸ್ತಿ ಹೊತ್ತು ಇರಲಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಸ್ವಲ್ಪ ಇಳಿಯುತ್ತದೆ.

ಆಮೇಲೆ ಬೈಗುಳದೊಳಗೆ ಕೆಲಸದ ಮಾತು ಎಷ್ಟಿದೆ ನೋಡಿ. ನನಗೆ ಬಿದ್ದ ಬೈಗುಳದಲ್ಲಿ ಇದ್ದದ್ದು ಒಂದೇ: ತೂಕ ತಪ್ಪಿದೆ. ಕಣ್ಣಿನ ವಿಷಯ ಬಿಟ್ಟುಬಿಡಿ, ತೂಕಕ್ಕಷ್ಟೇ ಉತ್ತರ ಕೊಡಿ. "ಯಾವ ಚೀಟಿ ರೀ? ಕೊಡ್ರಿ, ಮತ್ತೊಮ್ಮೆ ನೋಡ್ತೀನಿ." ತಪ್ಪು ನಿಮ್ಮದಾಗಿದ್ದರೆ ಒಂದು ಸಲ ಒಪ್ಪಿಕೊಳ್ಳಿ. ಹತ್ತು ಸಲ ಸಾರಿ ಅಂದರೆ ಅದೂ ಕಿರಿಕಿರಿಯೇ ಅಲ್ವಾ?

ಬಾಯಲ್ಲಿ ಹೇಳಿದ ಕೆಲಸವನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿಡಿ: "ನಾಳೆ ಇಷ್ಟು ಚೀಲದ ಲೆಕ್ಕ ಮೊದಲು ಮುಗಿಸ್ತೀನ್ರಿ." ನಾಳೆ "ನಾ ಹಂಗ ಹೇಳೇ ಇಲ್ಲ" ಅನ್ನುವ ಜಗಳ ತಪ್ಪುತ್ತದೆ.

ಸಿಡುಕು ಬೇರೆ, ಕಿರುಕುಳ ಬೇರೆ. ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದರೆ ತಾಳ್ಮೆಯ ಪಾಠ ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಜನ ಇದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ಆದ 3 ತಿಂಗಳೊಳಗೆ ದೂರು ಬರೆದು ಕೊಡಬೇಕು.

ಇನ್ನು ಹೊತ್ತಿನ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಒಂದು ವಾರ ಸುಮ್ನೆ ಗಮನಿಸಿ, ನಿಮ್ಮ ಸಾಹೇಬರಿಗೆ ಸಿಟ್ಟು ಯಾವಾಗ ಬರುತ್ತದೆ ಅಂತ. ನಮ್ಮವರಿಗೆ ಹರಾಜಿನ ಹೊತ್ತಿಗೆ ಏರುತ್ತಿತ್ತು. ಧಾರಣೆ ಗೊತ್ತಾದ ಮೇಲೆ ಇಳಿಯುತ್ತಿತ್ತು. ಅಂದರೆ ಅರ್ಧ ಸಿಟ್ಟು ನನ್ನ ಮೇಲೆ ಅಲ್ಲ, ರೇಟಿನ ಮೇಲೆ! ಬಿಸಿಲು ಇಳಿದು ಚಹಾ ಬರುವ ಹೊತ್ತು ನೋಡಿಕೊಂಡು ಒಂದು ದಿನ ಹೇಳಿದೆ: "ಸಾವ್ಕಾರ್ರೇ, ತಪ್ಪಾದ್ರ ಒಳಗ ಕರೆದು ಬೈರಿ. ರೈತರ ಮುಂದ ಬೈದ್ರ ಅವರಿಗಿ ನಮ್ಮ ಲೆಕ್ಕದ ಮ್ಯಾಲೇ ಡೌಟ್ ಬರ್ತದ."

ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಒಂದು ಗುಟುಕು ಕುಡಿದರು. ನನ್ನ ಕಪ್ಪಿನ ಕಡೆ ನೋಡಿ, "ಚಾ ಆರ್ಲಾಕತ್ತದ, ಕುಡಿ" ಅಂದರು. ಮರುದಿನ ಇನ್ನೊಂದು ಚೀಟಿ ತಪ್ಪಿತು. ಒಳಗೆ ಕರೆದರು.